ಒಂದು ಕಿವಿಯ ಶ್ರವಣ ದೋಷ: ಪರೀಕ್ಷೆ, ಪ್ರಮಾಣ ಪತ್ರ ಹಾಗೂ ಶ್ರವಣ ಸಾಧನಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಮತ್ತು ಇವುಗಳಿಂದ ನಂತರ ರಚನೆಯಾದ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳ ಅರ್ಜಿದಾರರಿಗಾಗಿ)

ಪೀಠಿಕೆ

ಒಂದು ಕಿವಿ ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ಕೇಳಿಸದೆ, ಇನ್ನೊಂದು ಕಿವಿ ಸರಿಯಾಗಿ ಕೇಳಿಸುವ ಸ್ಥಿತಿಯನ್ನು ಏಕಪಾರ್ಶ್ವ ಶ್ರವಣ ದೋಷ ಎಂದು ಕರೆಯಲಾಗುತ್ತದೆ. ಇಂತಹ ದೋಷವುಳ್ಳವರು ಎದುರಿಗೆ ಕುಳಿತವರೊಡನೆ ಸಲೀಸಾಗಿ ಮಾತನಾಡುತ್ತಾರೆ. ಆದ್ದರಿಂದ ಅವರ ತೊಂದರೆಯು ಮನೆಯವರಿಗಾಗಲೀ, ಶಿಕ್ಷಕರಿಗಾಗಲೀ, ಕಚೇರಿಯವರಿಗಾಗಲೀ ಸುಲಭವಾಗಿ ಕಾಣಿಸುವುದಿಲ್ಲ. ಕರೆದರೂ ತಿರುಗಿ ನೋಡದಿದ್ದಾಗ ‘ಗರ್ವ’ ಎಂದೋ ‘ಅಲಕ್ಷ್ಯ’ ಎಂದೋ ತಪ್ಪಾಗಿ ತಿಳಿಯುವುದುಂಟು.

ಒಂದು ಕಿವಿ ಕೇಳಿಸದವರು ಅಂಗವಿಕಲತೆಯ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸಿ, ನಿಗದಿತ ಶೇಕಡಾವಾರು ಬಾರದ ಕಾರಣ ನಿರಾಶರಾಗಿ ಹಿಂದಿರುಗುವ ಸಂದರ್ಭಗಳಿವೆ. ‘ಅರ್ಹತೆ ಇಲ್ಲ’ ಎಂಬ ಉತ್ತರವನ್ನು ‘ತೊಂದರೆ ಇಲ್ಲ’ ಅಥವಾ ‘ಚಿಕಿತ್ಸೆ ಇಲ್ಲ’ ಎಂದು ಭಾವಿಸಬಾರದು. ಸೌಲಭ್ಯದ ಅರ್ಹತೆಯನ್ನು ಕಾನೂನಿನ ಲೆಕ್ಕಾಚಾರ ನಿರ್ಧರಿಸುತ್ತದೆ. ಚಿಕಿತ್ಸೆ ಹಾಗೂ ಸಾಧನದ ಅಗತ್ಯವನ್ನು ತಜ್ಞರು ನಿರ್ಧರಿಸುತ್ತಾರೆ. ಇವೆರಡೂ ಬೇರೆ ಬೇರೆ ವಿಷಯಗಳು. ಈ ವ್ಯತ್ಯಾಸವನ್ನು ಹಾಗೂ ಮುಂದಿನ ಕ್ರಮಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ.

1. ಎರಡು ಕಿವಿಗಳ ಕಾರ್ಯ

ಶಬ್ದವು ಬಲಗಡೆಯಿಂದ ಬಂದರೆ ಬಲಗಿವಿಗೆ ಮೊದಲು ತಲುಪುತ್ತದೆ; ಎಡಗಿವಿಗೆ ಅದಕ್ಕಿಂತ ತುಸು ತಡವಾಗಿ, ತುಸು ಕಡಿಮೆ ಪ್ರಮಾಣದಲ್ಲಿ ತಲುಪುತ್ತದೆ. ಈ ಅಂತರವು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಇದನ್ನೇ ಆಧರಿಸಿ ಶಬ್ದ ಬಂದ ದಿಕ್ಕನ್ನು ಗುರುತಿಸುತ್ತದೆ. ಒಂದು ಕಿವಿ ಇಲ್ಲವಾದಾಗ ಹೋಲಿಕೆಗೆ ಅವಕಾಶವಿರುವುದಿಲ್ಲ. ಇದರಿಂದ ಮುಖ್ಯವಾಗಿ ಮೂರು ತೊಂದರೆಗಳು ಉಂಟಾಗುತ್ತವೆ.

ಅ) ದಿಕ್ಕು ತಿಳಿಯದಿರುವುದು: ಹಾರ್ನ್ ಕೇಳಿಸುತ್ತದೆ, ಆದರೆ ವಾಹನ ಯಾವ ಕಡೆಯಿಂದ ಬರುತ್ತಿದೆ ಎಂಬುದು ತಿಳಿಯುವುದಿಲ್ಲ. ಕುಷ್ಟಗಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಂತಹ ರಸ್ತೆಗಳನ್ನು ದಾಟುವಾಗ ಇದು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಆ) ತಲೆಯ ಮರೆ: ಕೇಳಿಸದ ಕಿವಿಯ ಕಡೆಯಿಂದ ಬರುವ ಮಾತಿಗೆ ತಲೆಯೇ ಅಡ್ಡವಾಗುತ್ತದೆ. ಸ, ಶ, ತ, ಕ ಮುಂತಾದ ತೀಕ್ಷ್ಣ ವ್ಯಂಜನಗಳು ಹೆಚ್ಚು ಕುಗ್ಗುವುದರಿಂದ, ಮಾತನಾಡುತ್ತಿರುವುದು ತಿಳಿದರೂ ಶಬ್ದಗಳು ಸ್ಪಷ್ಟವಾಗುವುದಿಲ್ಲ.

ಇ) ಗದ್ದಲದಲ್ಲಿ ಮಾತು ಅರ್ಥವಾಗದಿರುವುದು: ಬಸ್ ನಿಲ್ದಾಣ, ಸಂತೆ, ಮದುವೆ ಮಂಟಪ, ಜಾತ್ರೆ, ಅಕ್ಕಿ ಗಿರಣಿ ಇಂತಹ ಸ್ಥಳಗಳಲ್ಲಿ ಮಾತನ್ನು ಗದ್ದಲದಿಂದ ಬೇರ್ಪಡಿಸಿ ಕೇಳಲು ಎರಡೂ ಕಿವಿಗಳು ಬೇಕು. ಒಂದೇ ಕಿವಿಯಿಂದ ದಿನವಿಡೀ ಪ್ರಯತ್ನಪೂರ್ವಕವಾಗಿ ಕೇಳುವವರು ಸಂಜೆಯ ವೇಳೆಗೆ ತೀವ್ರವಾಗಿ ಬಳಲುತ್ತಾರೆ.

ಮಕ್ಕಳಲ್ಲಿ ಇದರ ಪರಿಣಾಮ ಹೆಚ್ಚು. 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಒಂದು ಕಿವಿಯ ದೋಷವಿದ್ದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಕನಿಷ್ಠ ಒಂದು ತರಗತಿಯಲ್ಲಿ ಅನುತ್ತೀರ್ಣರಾಗಿದ್ದುದು ಕಂಡುಬಂದಿತು. ‘ಒಂದು ಕಿವಿ ಕೇಳಿಸಿದರೆ ಸಾಕು’ ಎಂಬ ನಂಬಿಕೆ ಸರಿಯಲ್ಲವೆಂದು ತಜ್ಞರು ಅರಿತದ್ದು ಇಂತಹ ಅಧ್ಯಯನಗಳ ನಂತರ.

2. ಕಾರಣಗಳು

ಮಂಗನಬಾವು, ಹುಟ್ಟಿನಿಂದಲೇ ಶ್ರವಣ ನರ ಬೆಳೆಯದಿರುವುದು, ಗರ್ಭದಲ್ಲಿ ತಗಲುವ ಕೆಲವು ಸೋಂಕುಗಳು, ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು, ಬಹುಕಾಲದಿಂದ ಕಿವಿ ಸೋರುವುದು, ಒಳಕಿವಿಯ ಕಾಯಿಲೆಗಳು ಹಾಗೂ ಶ್ರವಣ ನರದ ಬಳಿ ಬೆಳೆಯುವ ಗಡ್ಡೆ ಇವು ಪ್ರಮುಖ ಕಾರಣಗಳು. ಈ ಗಡ್ಡೆಯು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ; ಆದರೆ ಒಂದೇ ಕಿವಿಯ ಶ್ರವಣ ಶಕ್ತಿ ಕುಂದಿದವರಲ್ಲಿ ಅದು ಇಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಎಂ.ಆರ್.ಐ. ಪರೀಕ್ಷೆಗೆ ಸೂಚಿಸಬಹುದು. ಕೆಲವರಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ.

3. ದಿಢೀರ್ ಕಿವುಡುತನ: ವಿಶೇಷ ಗಮನಕ್ಕೆ

ಬೆಳಿಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದಂತಾಗುವುದು, ಗುಂಯ್‌ಗುಡುವ ಸದ್ದು, ತಲೆ ಸುತ್ತು ಇವು ದಿಢೀರ್ ಶ್ರವಣ ನಷ್ಟದ ಲಕ್ಷಣಗಳಾಗಿರಬಹುದು. ಮೂರು ದಿನಗಳ ಒಳಗೆ ಶ್ರವಣ ಶಕ್ತಿ ಗಣನೀಯವಾಗಿ ಕುಸಿಯುವ ಈ ಸ್ಥಿತಿಯು ತುರ್ತು ಚಿಕಿತ್ಸೆಯ ವಿಷಯ. ‘ಗುಗ್ಗೆ ತುಂಬಿದೆ’, ‘ನೆಗಡಿಯಿಂದ ಕಟ್ಟಿದೆ’ ಎಂದು ಭಾವಿಸಿ ಎಣ್ಣೆ ಬಿಟ್ಟುಕೊಂಡು ವಾರಗಟ್ಟಲೆ ಕಾಯುವುದು ಸಾಮಾನ್ಯ. ಆದರೆ ಸ್ಟೀರಾಯ್ಡ್ ಔಷಧದ ಚಿಕಿತ್ಸೆಯು ಮೊದಲ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರಗಳ ಒಳಗೆ ಆರಂಭವಾದರೆ ಫಲ ದೊರೆಯುವ ಸಾಧ್ಯತೆ ಹೆಚ್ಚು. ನಂತರ ಆ ಸಾಧ್ಯತೆ ಕುಗ್ಗುತ್ತಾ ಹೋಗುತ್ತದೆ.

ಆದ್ದರಿಂದ ಇಂತಹ ಲಕ್ಷಣ ಕಂಡವರು ಪ್ರಮಾಣ ಪತ್ರದ ವಿಚಾರವನ್ನು ಬದಿಗಿಟ್ಟು, ಅದೇ ದಿನ ಅಥವಾ ಮರುದಿನವೇ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣತಕ್ಕದ್ದು. ಮೊಬೈಲ್ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿ ಕೇಳಿದರೆ ವ್ಯತ್ಯಾಸವು ಮನೆಯಲ್ಲಿಯೇ ತಿಳಿಯುತ್ತದೆ. ಮಧುಮೇಹ ಅಥವಾ ರಕ್ತದೊತ್ತಡ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

4. ಶ್ರವಣ ಪರೀಕ್ಷೆ

ಶ್ರವಣ ತಜ್ಞರು ಪ್ರತಿ ಕಿವಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಆಡಿಯೋಗ್ರಾಮ್ ಎಂಬ ನಕ್ಷೆಯನ್ನು ನೀಡುತ್ತಾರೆ. ಒಂದು ಕಿವಿಯ ದೋಷವುಳ್ಳವರಲ್ಲಿ ‘ಮಾಸ್ಕಿಂಗ್’ ಎಂಬ ಕ್ರಮ ಅತ್ಯಗತ್ಯ. ಕೇಳಿಸದ ಕಿವಿಗೆ ನೀಡಿದ ಜೋರಾದ ಶಬ್ದವು ತಲೆಬುರುಡೆಯ ಮೂಳೆಯ ಮೂಲಕ ಇನ್ನೊಂದು ಕಿವಿಗೆ ದಾಟುತ್ತದೆ. ಆಗ ರೋಗಿಯು ಪ್ರಾಮಾಣಿಕವಾಗಿಯೇ ‘ಕೇಳಿಸಿತು’ ಎನ್ನುತ್ತಾನೆ. ಕೇಳಿಸಿದ್ದು ಮಾತ್ರ ಒಳ್ಳೆಯ ಕಿವಿಗೆ. ಇದನ್ನು ತಡೆಯಲು ಪರೀಕ್ಷೆಯ ಸಮಯದಲ್ಲಿ ಒಳ್ಳೆಯ ಕಿವಿಗೆ ‘ಶ್’ ಎಂಬ ಸದ್ದನ್ನು ನೀಡಿ ಅದನ್ನು ಮರೆಮಾಡಲಾಗುತ್ತದೆ. ಮಾಸ್ಕಿಂಗ್ ಮಾಡದ ವರದಿಯಲ್ಲಿ ದೋಷವು ವಾಸ್ತವಕ್ಕಿಂತ ಕಡಿಮೆ ಎಂದು ಕಂಡುಬರಬಹುದು. ವರದಿ ಪಡೆಯುವಾಗ ಮಾಸ್ಕಿಂಗ್ ಮಾಡಲಾಗಿದೆಯೇ ಎಂದು ವಿಚಾರಿಸುವುದು ಸೂಕ್ತ.

ಚಿಕ್ಕ ಮಕ್ಕಳಿಗೆ ಒ.ಎ.ಇ. ಹಾಗೂ ಬೆರಾ ಪರೀಕ್ಷೆಗಳಿವೆ. ನವಜಾತ ಶಿಶುವಿನ ತಪಾಸಣೆಯಲ್ಲಿ ಎರಡೂ ಕಿವಿಗಳ ಫಲಿತಾಂಶವನ್ನು ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕು. ಚಪ್ಪಾಳೆಗೆ ಮಗು ತಿರುಗಿದ ಮಾತ್ರಕ್ಕೆ ಎರಡೂ ಕಿವಿ ಸರಿಯಿವೆ ಎಂದು ಹೇಳಲಾಗದು.

5. ಪ್ರಮಾಣ ಪತ್ರ ಹಾಗೂ ಶೇಕಡಾವಾರು ಲೆಕ್ಕ

1995ರ ಅಧಿನಿಯಮವು ಉತ್ತಮ ಕಿವಿಯಲ್ಲಿ 60 ಡೆಸಿಬೆಲ್ ಅಥವಾ ಹೆಚ್ಚಿನ ನಷ್ಟವಿದ್ದವರನ್ನು ಶ್ರವಣ ದೋಷವುಳ್ಳವರೆಂದು ಪರಿಗಣಿಸುತ್ತಿತ್ತು. ಅದರ ಸ್ಥಾನದಲ್ಲಿ ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಸಹ ಎರಡೂ ಕಿವಿಗಳನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದಲ್ಲಿ ಕಿವುಡುತನವೆಂದೂ, 60ರಿಂದ 70 ಡೆಸಿಬೆಲ್ ನಷ್ಟವಿದ್ದಲ್ಲಿ ಮಂದ ಶ್ರವಣವೆಂದೂ ಅದರ ಅನುಸೂಚಿಯಲ್ಲಿ ಹೇಳಲಾಗಿದೆ. ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚಿನ ಪ್ರಮಾಣ ಅಗತ್ಯ.

ಶೇಕಡಾವಾರು ಲೆಕ್ಕ ಹಾಕುವಾಗ ಉತ್ತಮ ಕಿವಿಯ ನಷ್ಟದ ಪ್ರಮಾಣವನ್ನು 5ರಿಂದ ಗುಣಿಸಿ, ಅದಕ್ಕೆ ಇನ್ನೊಂದು ಕಿವಿಯ ನಷ್ಟವನ್ನು ಕೂಡಿಸಿ, ಬಂದ ಮೊತ್ತವನ್ನು 6ರಿಂದ ಭಾಗಿಸಲಾಗುತ್ತದೆ. ಉದಾಹರಣೆಗಳು:

* ಒಂದು ಕಿವಿಯ ನಷ್ಟ ಶೇ. 100, ಇನ್ನೊಂದರದು ಶೇ. 0 ಇದ್ದಲ್ಲಿ: 0 + 100 = 100; 6ರಿಂದ ಭಾಗಿಸಿದಾಗ ಸುಮಾರು ಶೇ. 17.
* ಒಂದು ಕಿವಿಯ ನಷ್ಟ ಶೇ. 100, ಇನ್ನೊಂದರದು ಶೇ. 30 ಇದ್ದಲ್ಲಿ: 150 + 100 = 250; 6ರಿಂದ ಭಾಗಿಸಿದಾಗ ಸುಮಾರು ಶೇ. 42.

ಮೊದಲನೆಯ ಉದಾಹರಣೆಯಿಂದ, ಒಂದು ಕಿವಿ ಪೂರ್ಣವಾಗಿ ಹೋದರೂ ಇನ್ನೊಂದು ಸರಿಯಿದ್ದಾಗ ಶೇ. 40 ತಲುಪಲು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಇದು ಪರಿಶೀಲಿಸಿದ ವೈದ್ಯರ ವೈಯಕ್ತಿಕ ನಿರ್ಧಾರವಲ್ಲ, ಸೂತ್ರದ ಫಲ. ‘ಶೇ. 40 ಮಾಡಿಸಿಕೊಡುತ್ತೇವೆ’ ಎಂದು ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು. ಸುಳ್ಳು ಮಾಹಿತಿಯಿಂದ ಸೌಲಭ್ಯ ಪಡೆಯುವುದು ಸದರಿ ಅಧಿನಿಯಮದಡಿ ಶಿಕ್ಷಾರ್ಹ ಅಪರಾಧ.

ಎರಡನೆಯ ಉದಾಹರಣೆಯೂ ಅಷ್ಟೇ ಮುಖ್ಯ. ಕೇಳುವ ಕಿವಿಯ ಶಕ್ತಿ ವಯಸ್ಸಿನಿಂದಲೋ ಕಾಯಿಲೆಯಿಂದಲೋ ಕುಂದಿದಾಗ ಶೇಕಡಾವಾರು ವೇಗವಾಗಿ ಏರುತ್ತದೆ. ಹಿಂದೆ ಕಡಿಮೆ ಪ್ರಮಾಣ ಬಂದಿದ್ದವರು ಇಂತಹ ಬದಲಾವಣೆ ಕಂಡುಬಂದಲ್ಲಿ ಹೊಸ ಆಡಿಯೋಗ್ರಾಮ್‌ನೊಂದಿಗೆ ಮರು ಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಅಂತಿಮ ತೀರ್ಮಾನ ವೈದ್ಯಕೀಯ ಪ್ರಾಧಿಕಾರದ್ದಾಗಿರುತ್ತದೆ.

2021ರ ಜೂನ್ 1ರಿಂದ ಪ್ರಮಾಣ ಪತ್ರವನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಅರ್ಜಿಯೊಂದಿಗೆ ಗುರುತಿನ ಹಾಗೂ ವಾಸಸ್ಥಳದ ದಾಖಲೆ, ಭಾವಚಿತ್ರ ಮತ್ತು ಲಭ್ಯವಿರುವ ವೈದ್ಯಕೀಯ ವರದಿಗಳನ್ನು ಒದಗಿಸಬೇಕು. ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು 90 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಾಸ್ಕಿಂಗ್ ಇಲ್ಲದ ಪರೀಕ್ಷೆಯಂತಹ ನಿರ್ದಿಷ್ಟ ಲೋಪವಿದ್ದಲ್ಲಿ ಅದನ್ನು ಮೇಲ್ಮನವಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.

6. ಲಭ್ಯವಿರುವ ಶ್ರವಣ ಸಾಧನಗಳು

ಒಂದು ಕಿವಿಯಲ್ಲಿ ಸ್ವಲ್ಪ ಶ್ರವಣ ಶಕ್ತಿ ಉಳಿದಿದ್ದರೆ ಸಾಮಾನ್ಯ ಶ್ರವಣ ಸಾಧನವೇ ಉಪಯುಕ್ತವಾಗಬಹುದು. ಆದರೆ ಸಂಪೂರ್ಣ ಕೇಳಿಸದ ಕಿವಿಗೆ ಅದನ್ನು ಹಾಕುವುದರಿಂದ ಪ್ರಯೋಜನವಿಲ್ಲ. ಶಬ್ದವನ್ನು ಎಷ್ಟು ಹೆಚ್ಚಿಸಿದರೂ ಗ್ರಹಿಸುವ ಒಳಕಿವಿ ಕೆಲಸ ಮಾಡುತ್ತಿರುವುದಿಲ್ಲ. ಅಂತಹವರಿಗೆ ಮೂರು ಮಾರ್ಗಗಳಿವೆ.

ಅ) ಕ್ರಾಸ್ ಸಾಧನ: ಇದರಲ್ಲಿ ಎರಡು ಭಾಗಗಳು. ಕೇಳಿಸದ ಕಿವಿಯ ಮೇಲಿನ ಮೈಕ್ ಶಬ್ದವನ್ನು ಹಿಡಿದು, ತಂತಿಯಿಲ್ಲದೆ ಕೇಳುವ ಕಿವಿಯ ಮೇಲಿನ ಭಾಗಕ್ಕೆ ಕಳುಹಿಸುತ್ತದೆ. 1965ರಲ್ಲಿ ಅಮೆರಿಕದಲ್ಲಿ ಹಾರ್ಫರ್ಡ್ ಮತ್ತು ಬ್ಯಾರಿ ಎಂಬ ತಜ್ಞರು ಇದನ್ನು ವಿವರಿಸಿದರು. ಕೇಳುವ ಕಿವಿಯೂ ತುಸು ಮಂದವಾಗಿದ್ದರೆ ಬೈಕ್ರಾಸ್ ಎಂಬ ವಿಧವನ್ನು ಬಳಸಲಾಗುತ್ತದೆ. ಶಸ್ತ್ರಚಿಕಿತ್ಸೆ ಬೇಕಿಲ್ಲ.

ಆ) ಮೂಳೆಯ ಮೂಲಕ ಕೇಳಿಸುವ ಸಾಧನ: ಕೇಳಿಸದ ಕಿವಿಯ ಹಿಂಭಾಗದ ಮೂಳೆಗೆ ಕಂಪನ ನೀಡಿದಾಗ ಅದು ತಲೆಬುರುಡೆಯ ಮೂಲಕ ಒಳ್ಳೆಯ ಕಿವಿಯನ್ನು ತಲುಪುತ್ತದೆ. ತಲೆಪಟ್ಟಿಯ ಮೂಲಕ ಧರಿಸುವ ಹಾಗೂ ಶಸ್ತ್ರಚಿಕಿತ್ಸೆಯಿಂದ ಮೂಳೆಗೆ ಜೋಡಿಸುವ ವಿಧಗಳಿವೆ. ಮೂಳೆಗೆ ಜೋಡಿಸುವ ವಿಧಾನವನ್ನು ಮೊದಲಿಗೆ 1977ರಲ್ಲಿ ಸ್ವೀಡನ್ನಿನಲ್ಲಿ ರೋಗಿಗಳಿಗೆ ಅಳವಡಿಸಲಾಯಿತು.

ಇ) ಕಾಕ್ಲಿಯರ್ ಇಂಪ್ಲಾಂಟ್: ಒಳಕಿವಿಯಲ್ಲಿ ವಿದ್ಯುದ್ವಾರವನ್ನು ಅಳವಡಿಸಿ ಶ್ರವಣ ನರಕ್ಕೆ ನೇರವಾಗಿ ಸಂಕೇತ ನೀಡುವ ಶಸ್ತ್ರಚಿಕಿತ್ಸೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರಲ್ಲಿ ಒಂದು ಕಿವಿಯ ಕಿವುಡುತನಕ್ಕೂ ಇದನ್ನು ಅನುಮೋದಿಸಿತು. ಶ್ರವಣ ನರವು ಸರಿಯಿರಬೇಕು. ಕಿವುಡುತನ ಬಂದು ಬಹಳ ವರ್ಷಗಳಾಗಿದ್ದರೆ ಫಲ ಕಡಿಮೆ. ವೆಚ್ಚ ಲಕ್ಷಾಂತರ ರೂಪಾಯಿ, ನಂತರ ತಿಂಗಳುಗಟ್ಟಲೆ ತರಬೇತಿ ಅಗತ್ಯ.

ಈ ಮೂರರ ನಡುವಿನ ಮೂಲಭೂತ ವ್ಯತ್ಯಾಸವನ್ನು ಅರ್ಜಿದಾರರು ಅರಿಯಬೇಕು. ಮೊದಲ ಎರಡು ಸಾಧನಗಳು ಆ ಕಡೆಯ ಶಬ್ದವನ್ನು ಈ ಕಡೆಗೆ ಸಾಗಿಸುತ್ತವೆಯೇ ಹೊರತು ಕೇಳಿಸದ ಕಿವಿಯನ್ನು ಸರಿಪಡಿಸುವುದಿಲ್ಲ. ಆದ್ದರಿಂದ ಅವುಗಳಿಂದ ಶಬ್ದದ ದಿಕ್ಕು ತಿಳಿಯುವ ಶಕ್ತಿ ಮರಳುವುದಿಲ್ಲ. ಕೇಳಿಸದ ಕಿವಿಗೆ ಶಬ್ದವನ್ನು ಮರಳಿಸಲು ಪ್ರಯತ್ನಿಸುವುದು ಕಾಕ್ಲಿಯರ್ ಇಂಪ್ಲಾಂಟ್ ಮಾತ್ರ.

7. ಪರೀಕ್ಷಾರ್ಥ ಬಳಕೆ

ಸಾಧನವು ಅಂಗಡಿಯ ನಿಶ್ಶಬ್ದ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿದ ಮಾತ್ರಕ್ಕೆ ಖರೀದಿಸುವುದು ಸೂಕ್ತವಲ್ಲ. ಸಾಧ್ಯವಾದಲ್ಲಿ ಎರಡರಿಂದ ನಾಲ್ಕು ವಾರಗಳ ಕಾಲ ನಿತ್ಯ ಜೀವನದಲ್ಲಿ ಬಳಸಿ ನೋಡಬೇಕು. ಶಸ್ತ್ರಚಿಕಿತ್ಸೆಯಿಂದ ಮೂಳೆಗೆ ಜೋಡಿಸುವ ಸಾಧನವನ್ನು ಆಲೋಚಿಸುವವರು ಮೊದಲು ಅದನ್ನೇ ತಲೆಪಟ್ಟಿಯ ಮೂಲಕ ಧರಿಸಿ ಪರೀಕ್ಷಿಸಲು ತಜ್ಞರನ್ನು ಕೋರತಕ್ಕದ್ದು. ಬಳಕೆಯ ಅವಧಿಯಲ್ಲಿ ಕೆಳಗಿನ ಅಂಶಗಳನ್ನು ದಿನಾಂಕದೊಂದಿಗೆ ಬರೆದಿಡುವುದು ಉಪಯುಕ್ತ.

(1) ಕೇಳಿಸದ ಕಿವಿಯ ಕಡೆ ಕುಳಿತವರ ಮಾತು ಮನೆಯಲ್ಲಿ ಸ್ಪಷ್ಟವಾಯಿತೇ?
(2) ಸಂತೆ, ಬಸ್ ನಿಲ್ದಾಣ, ಸಭೆಗಳಲ್ಲಿ ಅನುಕೂಲವಾಯಿತೇ ಅಥವಾ ತೊಂದರೆ ಹೆಚ್ಚಿತೇ? ಕೇಳಿಸದ ಕಿವಿಯ ಕಡೆ ಗಿರಣಿ ಅಥವಾ ಯಂತ್ರದ ಸದ್ದಿದ್ದರೆ ಕ್ರಾಸ್ ಸಾಧನವು ಆ ಸದ್ದನ್ನೇ ಒಳ್ಳೆಯ ಕಿವಿಗೆ ತಂದು ಹಾಕಬಹುದು.
(3) ಹೊಲದ ಧೂಳು, ಬೆವರು, ಹೆಲ್ಮೆಟ್ ಅಥವಾ ರುಮಾಲು ಧರಿಸಿದಾಗ ಸಾಧನ ಹೇಗೆ ವರ್ತಿಸಿತು?
(4) ಬ್ಯಾಟರಿ ಎಷ್ಟು ದಿನ ಬಂದಿತು? ಅದು ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತದೆಯೇ?
(5) ದಿನಕ್ಕೆ ಎಷ್ಟು ಗಂಟೆ ಧರಿಸಲು ಮನಸ್ಸಾಯಿತು?

ಐದನೆಯ ಪ್ರಶ್ನೆಯ ಉತ್ತರವೇ ಹಲವು ಸಲ ನಿರ್ಣಾಯಕ. ಪರೀಕ್ಷಾರ್ಥ ಬಳಕೆಯ ನಂತರ ಸಾಧನವಿಲ್ಲದೆಯೇ ಇರಲು ನಿರ್ಧರಿಸುವವರೂ ಇದ್ದಾರೆ. ಅದೂ ಒಂದು ಯೋಗ್ಯ ನಿರ್ಧಾರ. ಖರೀದಿಸುವವರು ಪರೀಕ್ಷಾರ್ಥ ಅವಧಿ, ಹಣ ಹಿಂದಿರುಗಿಸುವ ಷರತ್ತು, ವಾರಂಟಿ ಹಾಗೂ ದುರಸ್ತಿ ಕೇಂದ್ರದ ವಿವರಗಳನ್ನು ಬರಹದಲ್ಲಿ ಪಡೆದು, ಅಧಿಕೃತ ರಸೀದಿಯನ್ನು ಕಾಯ್ದಿಡಬೇಕು.

ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ ಸಾಧನಗಳನ್ನು ಪಡೆಯಲು ಶೇ. 40ರ ಪ್ರಮಾಣ ಪತ್ರ ಹಾಗೂ ಆದಾಯ ಮಿತಿ ಅನ್ವಯಿಸುತ್ತವೆ. ಆದ್ದರಿಂದ ಇನ್ನೊಂದು ಕಿವಿ ಸರಿಯಿರುವವರು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ.

8. ಶೇ. 40 ಇಲ್ಲದವರಿಗೂ ದೊರೆಯುವ ಸೇವೆಗಳು

* ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಮತ್ತು ಚಿಕಿತ್ಸೆಗೆ ಅಂಗವಿಕಲತೆಯ ಪ್ರಮಾಣ ಪತ್ರ ಬೇಕಿಲ್ಲ. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯನ್ನು, ಹೆಚ್ಚಿನ ಚಿಕಿತ್ಸೆಗೆ ಬಳ್ಳಾರಿ ಹಾಗೂ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ಸಂಪರ್ಕಿಸಬಹುದು.
* ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಸಂಪೂರ್ಣ ಶ್ರವಣ ಪರೀಕ್ಷೆ ಹಾಗೂ ಸಾಧನಗಳ ಆಯ್ಕೆಗೆ ಮಾರ್ಗದರ್ಶನ ಅಲ್ಲಿ ದೊರೆಯುತ್ತದೆ.
* 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಒಂದು ಕಿವಿಯ ಸಂಶಯವಿದ್ದಲ್ಲಿ ಪಾಲಕರು ತಂಡದ ವೈದ್ಯರ ಗಮನಕ್ಕೆ ತರಬೇಕು.

9. ನಿತ್ಯ ಜೀವನದಲ್ಲಿ ಅನುಸರಿಸಬಹುದಾದ ಕ್ರಮಗಳು

ಖರ್ಚಿಲ್ಲದ ಕೆಲವು ಕ್ರಮಗಳು ಸಾಧನಕ್ಕಿಂತ ಹೆಚ್ಚು ನೆರವಾಗುವುದುಂಟು. ಸಭೆ, ಬಸ್, ಊಟದ ಪಂಕ್ತಿಗಳಲ್ಲಿ ಕೇಳುವ ಕಿವಿ ಜನರ ಕಡೆಗೆ, ಕೇಳಿಸದ ಕಿವಿ ಗೋಡೆಯ ಕಡೆಗೆ ಬರುವಂತೆ ಕುಳಿತುಕೊಳ್ಳಬೇಕು. ರಸ್ತೆ ದಾಟುವಾಗ ಕಿವಿಯನ್ನು ನಂಬದೆ ಎರಡೂ ಕಡೆ ಕಣ್ಣಿನಿಂದ ನೋಡಬೇಕು. ದ್ವಿಚಕ್ರ ವಾಹನಕ್ಕೆ ಎರಡೂ ಕನ್ನಡಿಗಳಿರಬೇಕು. ಮೊಬೈಲ್ ಫೋನಿನ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಆಯ್ಕೆ ಮಾಡಿದರೆ ಎರಡೂ ಬದಿಯ ಧ್ವನಿ ಒಂದೇ ಕಿವಿಗೆ ಬರುತ್ತದೆ. ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಅಲಾರಾಂ ಆಗಲೀ ಮಗುವಿನ ಅಳುವಾಗಲೀ ಕೇಳಿಸದಿರಬಹುದೆಂಬುದನ್ನು ಮನೆಯವರಿಗೆ ತಿಳಿಸಿರಬೇಕು.

ಶಾಲೆಯಲ್ಲಿ ಮಗುವನ್ನು ಮುಂದಿನ ಸಾಲಿನಲ್ಲಿ, ಒಳ್ಳೆಯ ಕಿವಿ ಶಿಕ್ಷಕರ ಕಡೆಗೆ ಬರುವಂತೆ, ಫ್ಯಾನ್ ಹಾಗೂ ರಸ್ತೆ ಬದಿಯ ಕಿಟಕಿಯಿಂದ ದೂರದಲ್ಲಿ ಕೂರಿಸುವಂತೆ ಮುಖ್ಯೋಪಾಧ್ಯಾಯರನ್ನು ಲಿಖಿತವಾಗಿ ಕೋರಬಹುದು. ಪ್ರತಿ ವರ್ಷ ತರಗತಿ ಬದಲಾದಾಗ ಇದನ್ನು ಮತ್ತೆ ತಿಳಿಸಬೇಕಾಗುತ್ತದೆ.

10. ಕೇಳುವ ಕಿವಿಯ ರಕ್ಷಣೆ

ಉಳಿದಿರುವ ಒಂದು ಕಿವಿಗೆ ಬದಲಿ ಇಲ್ಲ. ಕಡ್ಡಿ, ಪಿನ್ನು, ಗರಿ ಹಾಕಬಾರದು. ಕಾಯಿಸಿದ ಎಣ್ಣೆ ಬಿಡಬಾರದು. ಸೋರುವಿಕೆ ಅಥವಾ ನೋವು ಕಂಡುಬಂದ ಕೂಡಲೇ ವೈದ್ಯರನ್ನು ಕಾಣಬೇಕು. ಅಕ್ಕಿ ಗಿರಣಿ, ಕಾರ್ಖಾನೆ, ಕಲ್ಲು ಕ್ವಾರಿಗಳಲ್ಲಿ ಕೆಲಸ ಮಾಡುವವರು ಕಿವಿ ರಕ್ಷಕಗಳನ್ನು ಧರಿಸಬೇಕು. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕಳೆಯುವುದು ಕಿವಿಗೆ ಹಾನಿಕರ. ಪಟಾಕಿ, ಡಿ.ಜೆ. ಧ್ವನಿವರ್ಧಕಗಳಿಂದ ದೂರವಿರಬೇಕು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ವರದಿಗಳನ್ನು ಕ್ರಮವಾಗಿ ಇಟ್ಟುಕೊಂಡರೆ ಮುಂದೆ ಮರು ಮೌಲ್ಯಮಾಪನಕ್ಕೂ ಅವು ಆಧಾರವಾಗುತ್ತವೆ.

11. ಮಾಹಿತಿಗಾಗಿ ಸಂಪರ್ಕಿಸಬೇಕಾದವರು

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಹಾಗೂ ಕೊಪ್ಪಳದಲ್ಲಿ ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ದೂರದ ಗ್ರಾಮಗಳಿಂದ ಬರುವವರು ಹೊರಡುವ ಮುನ್ನ ತಮ್ಮ ಪಂಚಾಯಿತಿಯ ಕಾರ್ಯಕರ್ತರಿಂದ ತಜ್ಞರು ಲಭ್ಯವಿರುವ ದಿನವನ್ನು ಹಾಗೂ ಬೇಕಾದ ದಾಖಲೆಗಳನ್ನು ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಹಾಗೂ ಪ್ರಯಾಣ ವೆಚ್ಚ ಉಳಿಯುತ್ತದೆ. ಕಚೇರಿಯ ಕಿಟಕಿಯಲ್ಲಿ ಮಾತು ಸರಿಯಾಗಿ ಕೇಳಿಸದಿದ್ದಲ್ಲಿ, ಯಾವ ಕಿವಿ ಕೇಳಿಸುತ್ತದೆ ಎಂಬುದನ್ನು ಸಿಬ್ಬಂದಿಗೆ ತಿಳಿಸಿ, ಉತ್ತರವನ್ನು ಚೀಟಿಯಲ್ಲಿ ಬರೆದುಕೊಡುವಂತೆ ಸಂಕೋಚವಿಲ್ಲದೆ ಕೇಳಬಹುದಾಗಿದೆ.